ಫ್ಲಶ್ ಟ್ಯಾಂಕಿನಲ್ಲಿ ನೀರನ್ನು ತಡೆಯುವುದು ನೀರೇ

ಫ್ಲಶ್ ಟ್ಯಾಂಕ್ ತುಂಬಿದ ಮೇಲೂ ಕಮೋಡಿಗೆ ನೀರು ಸಣ್ಣಗೆ ಇಳಿಯುತ್ತಲೇ ಇದ್ದರೆ ‘ಪ್ರೆಶರ್ ಜಾಸ್ತಿ ಆಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು’ ಅನ್ನುತ್ತಾರೆ. ಇನ್ನು ಕೆಲವರು ವಾಸ್ತು ಸರಿಯಿಲ್ಲ, ನೀರು ಸೋರಿದರೆ ದುಡ್ಡೂ ಸೋರುತ್ತದೆ ಅನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಟಾಯ್ಲೆಟ್ಟಿನ ದಿಕ್ಕು ಬದಲಿಸಲು ಗೋಡೆ ಒಡೆಸುವವರಿದ್ದಾರೆ. ಟ್ಯಾಂಕಿನ ಮುಚ್ಚಳ ಎತ್ತಿ ಒಳಗೆ ನೋಡುವವರು ಕಡಿಮೆ. ಎಷ್ಟೋ ಸಲ ಅಲ್ಲಿ ತೊಂದರೆ ಕೊಡುತ್ತಿರುವುದು ಒಂದೇ ಒಂದು ಮರಳಿನ ಕಣ.

ಮುಚ್ಚಳ ತೆಗೆದು ನೋಡಿ. ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸುವ ಓವರ್‌ಫ್ಲೋ ಪೈಪಿನ ಬಾಯಿವರೆಗೂ ನೀರು ಬಂದು ಒಳಗೆ ಬೀಳುತ್ತಿದ್ದರೆ ದೋಷ ಫಿಲ್ ವಾಲ್ವಿನದು, ಅಂದರೆ ಟ್ಯಾಂಕಿಗೆ ನೀರು ಬಿಡುವ, ತುಂಬಿದಾಗ ನಿಲ್ಲಿಸುವ ವಾಲ್ವಿನದು. ಮಟ್ಟ ಅದಕ್ಕಿಂತ ಕೆಳಗಿದ್ದೂ ಕಮೋಡಿಗೆ ನೀರು ಬರುತ್ತಿದ್ದರೆ ಟ್ಯಾಂಕಿನ ತಳದ ತೂತು ಮುಚ್ಚುವ ವಾಷರ್ ಹೋಗಿದೆ. ಅನುಮಾನ ಇದ್ದರೆ ಕೇಸರಿಬಾತಿಗೆ ಹಾಕುವ ಬಣ್ಣವನ್ನು ಟ್ಯಾಂಕಿಗೆ ಚಿಟಿಕೆ ಹಾಕಿ ಅರ್ಧ ಗಂಟೆ ಬಿಡಿ. ಮಟ್ಟ ಕೆಳಗಿದ್ದೂ ಬಣ್ಣ ಕಮೋಡಿನಲ್ಲಿ ಕಾಣಿಸಿದರೆ ವಾಷರ್ರೇ.

ಈಗ ಫಿಲ್ ವಾಲ್ವ್. ಹಳೇ ಕಾಲದ್ದರಲ್ಲಿ ಉದ್ದನೆಯ ಸಲಾಕೆಯ ತುದಿಗೆ ದೊಡ್ಡ ಚೆಂಡು ಇರುತ್ತಿತ್ತು. ಆ ಚೆಂಡು ನೀರಿನ ಒತ್ತಡದ ಎದುರು ಸೆಣಸಿ ಬಾಯಿ ಮುಚ್ಚಬೇಕಿತ್ತು. ಅದಕ್ಕೇ ಅಷ್ಟು ದೊಡ್ಡದು, ಅಷ್ಟು ಉದ್ದ. ಪ್ರೆಶರ್ ಜಾಸ್ತಿಯಾದರೆ ಚೆಂಡು ಸೋಲುತ್ತದೆ ಅನ್ನುವ ಮಾತು ಅಲ್ಲಿಗೆ ಸರಿ. ಈಗಿನ ಸಣ್ಣ ವಾಲ್ವಿಗೆ ಅದನ್ನೇ ಹೇಳುವುದು ತಪ್ಪು.

ಇದರ ತಲೆಯೊಳಗೆ ನಾಣ್ಯದಷ್ಟು ಅಗಲದ ರಬ್ಬರ್ ಡಯಾಫ್ರಮ್, ಅಂದರೆ ಬಾಗುವ ತೆಳು ಬಿಲ್ಲೆ ಇದೆ. ಅದರ ಮುಂದೆ ಪೈಪಿನಿಂದ ಬರುವ ನೀರು, ಹಿಂದೆ ಒಂದು ಪುಟ್ಟ ಕೋಣೆ. ರಬ್ಬರಿನಲ್ಲೇ ಒಂದು ಸೂಜಿಗಣ್ಣಿನಂಥ ತೂತು. ಕೋಣೆಯ ಇನ್ನೊಂದು ಕಡೆ ಇನ್ನೊಂದು ತೂತು, ಅದನ್ನು ಮುಚ್ಚಿ ತೆರೆಯುವುದಷ್ಟೇ ನೀರಿನಲ್ಲಿ ತೇಲುವ ಫ್ಲೋಟಿನ ಕೆಲಸ. ಟ್ಯಾಂಕ್ ತುಂಬಿ ಫ್ಲೋಟ್ ಮೇಲೇರಿದಾಗ ಎರಡನೇ ತೂತು ಮುಚ್ಚುತ್ತದೆ. ಮೊದಲ ತೂತಿನಿಂದ ನೀರು ಮೆಲ್ಲಗೆ ಕೋಣೆಗೆ ನುಗ್ಗಿ ಅಲ್ಲೂ ಅಷ್ಟೇ ಒತ್ತಡ ಕಟ್ಟುತ್ತದೆ. ಎರಡು ಕಡೆ ಒತ್ತಡ ಒಂದೇ ಆದರೂ ಮುಂದೆ ಅದು ಬೀಳುವ ಜಾಗ ಕಡಿಮೆ, ಹಿಂದೆ ಜಾಸ್ತಿ. ಲೆಕ್ಕ ಹಾಕಿ: ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋ, ಮುಂದೆ ಅರ್ಧ ಚದರ ಸೆಂಟಿಮೀಟರ್, ಹಿಂದೆ 2 ಅಂದುಕೊಂಡರೆ ಮುಂದಿನಿಂದ ಅರ್ಧ ಕಿಲೋ, ಹಿಂದಿನಿಂದ 2 ಕಿಲೋ ಬಲ. ಒಂದೇ ಬಾಗಿಲನ್ನು ಆ ಕಡೆಯಿಂದ ಒಬ್ಬ, ಈ ಕಡೆಯಿಂದ ನಾಲ್ವರು ತಳ್ಳಿದ ಹಾಗೆ. ಬಾಗಿಲು ಮುಚ್ಚದೆ ಇನ್ನೇನಾಗುತ್ತದೆ? ಬರುವ ನೀರೇ ತನ್ನ ದಾರಿಗೆ ಅಗುಳಿ ಹಾಕಿಕೊಳ್ಳುತ್ತದೆ! ಪ್ರೆಶರ್ ಜಾಸ್ತಿಯಾದಷ್ಟೂ ಮುಚ್ಚುವ ಬಲವೂ ಜಾಸ್ತಿ.

ತನ್ನ ಮಟ್ಟವನ್ನು ತಾನೇ ನೋಡಿಕೊಳ್ಳುವ ಈ ಜಾಣ್ಮೆ ಬಹಳ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯೋಸ್ ತನ್ನ ನೀರಿನ ಗಡಿಯಾರದಲ್ಲಿ ಫ್ಲೋಟ್ ಬಳಸಿದ್ದ. ನೀರಿನ ಮಟ್ಟ ಇಳಿದರೆ ಹರಿವೂ ನಿಧಾನವಾಗಿ ಗಡಿಯಾರ ತಪ್ಪುತ್ತದೆ, ಅಲ್ವಾ? ಮುಂದೆ ಜೇಮ್ಸ್ ವಾಟ್ 1788ರಲ್ಲಿ ಉಗಿ ಯಂತ್ರದ ವೇಗಕ್ಕೆ ಇಂಥದೇ ಕಡಿವಾಣ ಹಾಕಿದ. ಅಂಥ ಕಡಿವಾಣಗಳು ಯಾವಾಗ ನೆಟ್ಟಗೆ ನಡೆಯುತ್ತವೆ, ಯಾವಾಗ ಹದ ತಪ್ಪುತ್ತವೆ ಎಂಬ ಗಣಿತವನ್ನು 1868ರಲ್ಲಿ ಬರೆದವನು ಮ್ಯಾಕ್ಸ್‌ವೆಲ್. ಬೆಳಕು ವಿದ್ಯುತ್ಕಾಂತ ಅಲೆ ಎಂದು ತೋರಿಸಿದ ಅದೇ ಮ್ಯಾಕ್ಸ್‌ವೆಲ್!

ಇಷ್ಟು ತಿಳಿದರೆ ರಿಪೇರಿ ಸುಲಭ. ಫ್ಲೋಟನ್ನು ಕೈಯಿಂದ ಮೇಲೆತ್ತಿ. ನೀರು ನಿಂತರೆ ವಾಲ್ವ್ ಚೆನ್ನಾಗಿದೆ, ಸ್ಕ್ರೂ ತಿರುಗಿಸಿ ಫ್ಲೋಟಿನ ಎತ್ತರ ಇಳಿಸಿದರೆ ಸಾಕು. ನಿಲ್ಲದಿದ್ದರೆ ರಬ್ಬರಿನ ತೂತು ಕಟ್ಟಿಕೊಂಡಿರಬಹುದು, ಹಿಂದಿನ ಕೋಣೆಯಲ್ಲಿ ಒತ್ತಡ ಕಟ್ಟುತ್ತಿಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಮನೆಗಳಲ್ಲಿ ಮರಳು, ಸುಣ್ಣದ ಬಿಳಿ ಪದರ ಎರಡೂ ಸೇರಿ ಹೀಗೆ ಮಾಡುತ್ತವೆ.

ಟ್ಯಾಂಕಿಗೆ ನೀರು ಬರುವ ಪೈಪಿನ ಆಂಗಲ್ ಕಾಕ್ ಬಂದ್ ಮಾಡಿ, ವಾಲ್ವಿನ ತಲೆ ಬಿಚ್ಚಿ, ರಬ್ಬರ್ ಹೊರತೆಗೆಯಿರಿ. ಬೆಳಕಿಗೆ ಹಿಡಿದರೆ ತೂತು ಕಾಣಬೇಕು. ಸೂಜಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ವಾಲ್ವ್ ಲೆಕ್ಕ ತಪ್ಪುತ್ತದೆ. ಸ್ವಲ್ಪ ಹೊತ್ತು ವಿನೆಗರಿನಲ್ಲಿ ನೆನೆಸಿ ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ರಬ್ಬರ್ ಸೀಳಿದ್ದರೆ ಅದನ್ನಷ್ಟೇ ಬದಲಿಸಿ. ಮತ್ತೆ ಜೋಡಿಸುವ ಮುನ್ನ ತೆರೆದ ವಾಲ್ವಿನ ಮೇಲೆ ಒಂದು ಲೋಟ ಬೋರಲು ಹಿಡಿದು ಆಂಗಲ್ ಕಾಕನ್ನು ಒಂದು ಕ್ಷಣ ಸ್ವಲ್ಪವೇ ತಿರುಗಿಸಿ. ಪೈಪಿನಲ್ಲಿ ಉಳಿದ ಕಸ ಹೊರಗೆ ಬೀಳುತ್ತದೆ, ನೀರು ಮುಖಕ್ಕೆ ಎರಚುವುದಿಲ್ಲ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ನಿಮಿಷಕ್ಕೆ 200 ಮಿಲಿಲೀಟರ್ ಸೋರಿದರೂ ದಿನಕ್ಕೆ 288 ಲೀಟರ್. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುವುದು.

ಎಲ್ಲ ತೊಳೆದ ಮೇಲೂ ಮೇಲಿನ ಮಹಡಿಯಲ್ಲಿ ಮಾತ್ರ ನೀರು ನಿಲ್ಲದಿದ್ದರೆ ಕಾರಣ ಬೇರೆ. ಓವರ್‌ಹೆಡ್ ಟ್ಯಾಂಕ್ ನೆತ್ತಿಯ ಮೇಲೇ ಇದ್ದರೆ ಎತ್ತರ ಎರಡು ಮೀಟರ್ ಇರಬಹುದು, ಒತ್ತಡ ಚದರ ಸೆಂಟಿಮೀಟರಿಗೆ 0.2 ಕಿಲೋ ಅಷ್ಟೆ. ಕೆಲವು ವಾಲ್ವುಗಳಿಗೆ ಆ ಬಲ ಸಾಲದು. ಅಂಥ ಮನೆಗೆ ಕಡಿಮೆ ಪ್ರೆಶರಿನಲ್ಲೂ ಮುಚ್ಚುವ ವಾಲ್ವ್ ಬೇಕು ಎಂದು ಅಂಗಡಿಯಲ್ಲಿ ಕೇಳಿ. ಪೊಟ್ಟಣದ ಮೇಲೆ ಕನಿಷ್ಠ ಒತ್ತಡ ಎಷ್ಟು ಎಂದು ಬರೆದಿದ್ದರೆ ಅದನ್ನು ಓದಿಯೇ ಕೊಳ್ಳಿ.