ಇರಲಿ, ಇಲ್ಲದಿರಲಿ: ಬಹುವಿಶ್ವದ ಜಗಳಕ್ಕೆ ಎಷ್ಟು ವಯಸ್ಸು?

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋಗುವುದಿದ್ದರೆ ಬೆಳಿಗ್ಗೆ ಬೇಗ ಹೋಗಬೇಕು. ಹೊತ್ತೇರಿದ ಮೇಲೆ ಶಾಲೆ ಟ್ರಿಪ್ಪಿನ ಮಕ್ಕಳು ಬಂದು ಕೇಕೆ ಹಾಕಿದರೆಂದರೆ ಪಿಸುಮಾತೂ ಇಲ್ಲ, ಪ್ರತಿಧ್ವನಿಯೂ ಇಲ್ಲ, ಬರೀ ಗದ್ದಲ. ಕಳೆದ ಚಳಿಗಾಲ ಅಣ್ಣನ ಮಗನನ್ನು ಕರೆದುಕೊಂಡು ಮೂಲೆಯ ಮಿನಾರಿನ ಏಳು ಅಂತಸ್ತು ಹತ್ತಿ ಹೋದಾಗ ಅಲ್ಲಿ ನಾವಿಬ್ಬರೇ ಇದ್ದೆವು. ಪಿಯುಸಿ ಸೈನ್ಸ್ ಓದುವ ಹುಡುಗ. ಒಂದು ಚಪ್ಪಾಳೆ ತಟ್ಟಿದ. ಅದು ಗುಮ್ಮಟಕ್ಕೆ ಬಡಿದು, ಮತ್ತೆ ಮತ್ತೆ ಮರಳಿ, ಸಣ್ಣಗಾಗುತ್ತ ಹೋಯಿತು. ಬೆರಳು ಮಡಚಿ ಎಣಿಸುತ್ತಿದ್ದವನು ಏಳಕ್ಕೆ ಲೆಕ್ಕ ತಪ್ಪಿ, "ಕಾಕಾ, ಮಲ್ಟಿವರ್ಸ್ ಅಂದ್ರ ಹಿಂಗೇ ಏನು? ಒಂದರಂಗ ಇನ್ನೊಂದು, ಅದರಂಗ ಮತ್ತೊಂದು? ಹಂಗಾರ ದೇವ್ರು ಎಷ್ಟ ಮಂದಿ?" ಅಂದ.

ಮೆಟ್ಟಿಲು ಹತ್ತಿದ ಏದುಸಿರಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಮಲ್ಟಿವರ್ಸ್ ಅಂದರೆ ಬಹುವಿಶ್ವ, ನಮ್ಮ ವಿಶ್ವದ ಹಾಗೆ ಬೇರೆ ವಿಶ್ವಗಳೂ ಇವೆ ಎಂಬ ಊಹೆ. ಆಮೇಲೆ ಓದುತ್ತ ಕೂತಾಗ ಗೊತ್ತಾಯಿತು, ಅವನ ಪ್ರಶ್ನೆಯಲ್ಲಿ ಎರಡು ಜಗಳಗಳು ಸಿಕ್ಕು ಹಾಕಿಕೊಂಡಿವೆ. ಲೋಕಗಳು ಹಲವು ಎಂದರೆ ದೇವರಿಗೆ ಧಕ್ಕೆಯೇ ಎಂಬುದು ಒಂದು. ಹಲವು ಇವೆ ಎನ್ನಲು ಸಾಕ್ಷಿ ಏನು ಎಂಬುದು ಇನ್ನೊಂದು. ಮೊದಲನೆಯದು ಬಹಳ ಹಳೆಯದು, ಹೆಚ್ಚುಕಡಿಮೆ ತೀರಿದ್ದು. ಎರಡನೆಯದು ಇನ್ನೂ ಹಸಿಯಾಗಿದೆ.

ಯುರೋಪಿನಲ್ಲಿ ಲೋಕ ಒಂದೇ ಎಂದು ಹಟ ಹಿಡಿದದ್ದು ಧರ್ಮಗ್ರಂಥಕ್ಕಿಂತ ಹೆಚ್ಚಾಗಿ ಅರಿಸ್ಟಾಟಲ್. ಮಣ್ಣೆಲ್ಲ ಲೋಕದ ನಡುವಿಗೆ ಬೀಳುತ್ತದೆ. ಎರಡು ಲೋಕಗಳಿದ್ದರೆ ಅದು ಯಾವುದರ ನಡುವಿಗೆ ಬೀಳಬೇಕು ಎಂಬುದು ಅವನ ವಾದ. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಎತಿಯೆನ್ ತಾಂಪಿಯೆ 219 ಹೇಳಿಕೆಗಳನ್ನು ತಪ್ಪೆಂದು ಖಂಡಿಸಿದ. ಅದರಲ್ಲಿ ಒಂದು, ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಮಾಡಲಾರ ಎಂಬುದು. ಅಂದರೆ ಅಲ್ಲಿ ಬೈಸಿಕೊಂಡವರು ಹಲವು ಲೋಕ ಎಂದವರಲ್ಲ, ಒಂದೇ ಸಾಧ್ಯ ಎಂದವರು! ದೇವರ ಕೈ ಕಟ್ಟಲು ನೀವು ಯಾರು ಎಂಬುದು ಬಿಷಪ್ಪನ ಸಿಟ್ಟು. ಅವನಿಗಿಂತ ಮೊದಲೇ ಇಸ್ಲಾಮಿನ ಪಂಡಿತ ಫಖ್ರುದ್ದೀನ್ ರಾಝಿ (1149–1209) ಕುರಾನಿನಲ್ಲಿ ದೇವರನ್ನು 'ಲೋಕಗಳ ಒಡೆಯ' ಎಂದು ಬಹುವಚನದಲ್ಲಿ ಕರೆದದ್ದನ್ನು ಹಿಡಿದು, ಈ ಲೋಕದ ಆಚೆ ಸಾವಿರ ಸಾವಿರ ಲೋಕಗಳನ್ನು ಮಾಡುವ ಶಕ್ತಿ ಅವನಿಗಿದೆ ಎಂದು ವಾದಿಸಿದ್ದ.

ಇಟಲಿಯ ತತ್ವಜ್ಞಾನಿ ಜೋರ್ಡಾನೊ ಬ್ರೂನೋನ ಹೆಸರು ಇಲ್ಲಿ ಬಂದೇ ಬರುತ್ತದೆ. 1600ರ ಫೆಬ್ರುವರಿ 17ರಂದು ರೋಮಿನಲ್ಲಿ ಅವನನ್ನು ಜೀವಂತ ಸುಟ್ಟರು. ಅವನ ಮೇಲಿನ ಆರೋಪಗಳಲ್ಲಿ ಅನಂತ ಲೋಕಗಳ ಮಾತೂ ಇತ್ತು, ನಿಜ. ಜೊತೆಗೆ ತ್ರಿತ್ವವನ್ನು, ಕ್ರಿಸ್ತನ ದೈವತ್ವವನ್ನು ಅಲ್ಲಗಳೆದ ಆರೋಪಗಳೂ ಇದ್ದವು. ವಿಜ್ಞಾನಕ್ಕಾಗಿ ಸತ್ತವನು ಎಂಬ ಭಾಷಣದ ಕಥೆ ಅರ್ಧ ಮಾತ್ರ.

ನಮ್ಮ ಕಡೆ ಈ ಜಗಳ ಹುಟ್ಟಲೇ ಇಲ್ಲ. ಭಾಗವತದಲ್ಲಿ ಬ್ರಹ್ಮಾಂಡಗಳು ಭಗವಂತನ ರೋಮಕೂಪಗಳಲ್ಲಿ ಧೂಳಿನ ಕಣಗಳಂತೆ ಓಡಾಡುತ್ತವೆ. ಬಾಗೇವಾಡಿಯ ಬಸವಣ್ಣನ ಲಿಂಗದ ಮಕುಟ 'ಬ್ರಹ್ಮಾಂಡದಿಂದವೆ ಅತ್ತತ್ತ'. ಜೈನರಲ್ಲಂತೂ ಲೋಕವನ್ನು ಯಾರೂ ಮಾಡಿಯೇ ಇಲ್ಲ, ಅದು ಅನಾದಿ. ಎಷ್ಟು ದೇವರು ಬೇಕು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಜಿನಾಲಯ ಕಟ್ಟಿಸಿ ಶಾಸನ ಹಾಕಿಸಿದಾಗ ಕಾಲವನ್ನು ಶಕ 556 ಎಂದೂ ಬರೆದ, ಭಾರತ ಯುದ್ಧವಾಗಿ 3735 ವರ್ಷ ಎಂದೂ ಬರೆದ. ಜೈನ ಕವಿ, ಬೇರೆಯವರ ಪುರಾಣದ ಲೆಕ್ಕ, ಒಂದೇ ಕಲ್ಲು. ಯಾರಿಗೂ ಇರುಸುಮುರುಸು ಆದಂತೆ ಕಾಣುವುದಿಲ್ಲ.

ಹಾಗೆಂದು ವಾಟ್ಸಾಪಿನಲ್ಲಿ ಸುತ್ತುವ 'ಮಲ್ಟಿವರ್ಸ್ ನಮ್ಮ ಋಷಿಗಳಿಗೆ ಮೊದಲೇ ಗೊತ್ತಿತ್ತು' ಎಂಬ ಸಂದೇಶ ನನಗೆ ಒಗ್ಗದು. ಧೂಳಿನ ಕಣದ ಮಾತು ಬಂದದ್ದು ದೇವರ ಎದುರು ತಾನೆಷ್ಟು ಸಣ್ಣವನೆಂದು ಕೈಮುಗಿದವನ ಬಾಯಲ್ಲಿ. ಆಕಾಶ ಅಳೆದು ಹೇಳಿದ ಮಾತಲ್ಲ ಅದು. ಅಳೆಯುವವರು ಬೇರೆಯೇ ಇದ್ದರು, ಅವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಅವರಲ್ಲಿ ದೊಡ್ಡವನು ಭಾಸ್ಕರಾಚಾರ್ಯ. 1114ರಲ್ಲಿ ಹುಟ್ಟಿ, 36ನೇ ವಯಸ್ಸಿಗೆ ಗಣಿತ, ಖಗೋಳದ ಗ್ರಂಥ ಸಿದ್ಧಾಂತ ಶಿರೋಮಣಿ ಬರೆದವನು. ಸಹ್ಯಾದ್ರಿಯ ಮಡಿಲಿನ ವಿಜ್ಜಡವಿಡ ತನ್ನೂರು ಎಂದು ಅವನೇ ಹೇಳಿಕೊಂಡಿದ್ದಾನೆ. ಅದು ವಿಜಯಪುರವೇ ಎಂದು ನಮ್ಮವರು, ಅಲ್ಲ, ಚಾಳೀಸಗಾಂವ ಹತ್ತಿರದ ಪಾಟಣ ಎಂದು ಮಹಾರಾಷ್ಟ್ರದವರು. ಅವನ ಮೊಮ್ಮಗ ಚಂಗದೇವನ ಶಾಸನ ಇರುವುದು ಅಲ್ಲಿ. ನಮ್ಮೂರಿನ ಎಷ್ಟು ಎತ್ತರದ ಮಾಳಿಗೆ ಹತ್ತಿದರೂ ಸಹ್ಯಾದ್ರಿ ಕಾಣುವುದಿಲ್ಲ ಎಂಬುದು ನಮ್ಮ ವಾದದ ತೊಡಕು. ಆದರೂ ಅವನನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ.

ಅವನ ಕಾಲಕ್ಕೆ ಜ್ಯೋತಿಷಿಗಳ ಬಳಿ ಒಂದು ದೊಡ್ಡ ಅಂಕಿ ಬಂದಿತ್ತು: 18,71,20,69,20,00,00,000 ಯೋಜನ. ಬ್ರಹ್ಮಾಂಡದ ಸುತ್ತಳತೆ ಇದು ಎಂದು ಕೆಲವರು ಹೇಳುತ್ತಿದ್ದರು. ಭಾಸ್ಕರ ಅಂಕಿಯನ್ನು ಒಪ್ಪಿದ, ಅದರ ಅರ್ಥವನ್ನು ಒಪ್ಪಲಿಲ್ಲ. 'ಬ್ರಹ್ಮಾಂಡಮೇತನ್ಮಿತಮಸ್ತು ನೋ ವಾ' ಎಂದು ಬರೆದ. ಬ್ರಹ್ಮಾಂಡ ಇಷ್ಟೇ ಇರಲಿ, ಇಲ್ಲದಿರಲಿ. ಒಂದು ಕಲ್ಪದಲ್ಲಿ, ಅಂದರೆ ಬ್ರಹ್ಮನ ಒಂದು ಹಗಲಿನಲ್ಲಿ, ಗ್ರಹವೊಂದು ಕ್ರಮಿಸುವ ದೂರ ಇಷ್ಟು, ಹಿಂದಿನವರು ಆಕಾಶಕಕ್ಷೆ ಎಂದದ್ದು ಇದನ್ನೇ, ನಮ್ಮ ಮತ ಇದು. ಲೆಕ್ಕ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹೋಗಿ ಗೆರೆ ಎಳೆದು ನಿಂತ.

ಅದೇ ಮನುಷ್ಯ ಬೀಜಗಣಿತದಲ್ಲಿ ಸೊನ್ನೆಯಿಂದ ಭಾಗಿಸಿದ ಸಂಖ್ಯೆಯ ಬಗ್ಗೆ ಬರೆಯುವಾಗ ಭಕ್ತನಾಗುತ್ತಾನೆ. ಆ ರಾಶಿಗೆ ಎಷ್ಟು ಕೂಡಿಸಿದರೂ ಕಳೆದರೂ ಅದು ಬದಲಾಗದು, ಪ್ರಳಯದಲ್ಲಿ ಜೀವರಾಶಿಗಳು ಒಳಗೆ ಹೋದರೂ ಸೃಷ್ಟಿಯಲ್ಲಿ ಹೊರಗೆ ಬಂದರೂ ಅನಂತನಾದ ಅಚ್ಯುತ ಬದಲಾಗದ ಹಾಗೆ, ಎನ್ನುತ್ತಾನೆ. ಅನಂತ ಬಂದಾಗ ದೇವರ ಹೆಸರು ತೆಗೆಯಲು ಅವನಿಗೆ ಸಂಕೋಚವಿಲ್ಲ. ಅಳತೆಯ ಜಾಗದಲ್ಲಿ ಮಾತ್ರ ದೇವರನ್ನು ಕೂರಿಸುವುದಿಲ್ಲ.

ಈಗಿನ ಬಹುವಿಶ್ವ ಹುಟ್ಟಿದ್ದು ಪ್ರಯೋಗಶಾಲೆಯ ಒಂದು ಮುಜುಗರದಿಂದ. ಕ್ವಾಂಟಮ್ ಸಮೀಕರಣ ಒಂದು ಕಣಕ್ಕೆ ಹಲವು ಸ್ಥಿತಿಗಳನ್ನು ಕೊಡುತ್ತದೆ, ಅಳೆದರೆ ಸಿಗುವುದು ಒಂದೇ. ಉಳಿದವು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ, ಬೇರೆ ಕವಲುಗಳಲ್ಲಿ ಇವೆ ಎಂದು 1957ರಲ್ಲಿ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಹ್ಯೂ ಎವರೆಟ್ ಬರೆದ. ಆಗ ಯಾರೂ ಅವನನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ. ಅವನು ಅಷ್ಟರಲ್ಲಾಗಲೇ ಅಮೆರಿಕದ ರಕ್ಷಣಾ ಇಲಾಖೆಯ ಲೆಕ್ಕಾಚಾರದ ಕೆಲಸಕ್ಕೆ ಸೇರಿದ್ದ. ಇನ್ನೊಂದು ದಾರಿ ಖಗೋಳದ್ದು. ವಿಶ್ವ ಹುಟ್ಟಿದ ಕ್ಷಣದಲ್ಲಿ ಅತಿ ವೇಗದಲ್ಲಿ ಉಬ್ಬಿತು ಎಂದು 1981ರಲ್ಲಿ ಅಲನ್ ಗುತ್ ಹೇಳಿದ. ಆ ಉಬ್ಬರ ಎಲ್ಲ ಕಡೆ ಒಮ್ಮೆಗೇ ನಿಲ್ಲಬೇಕಿಲ್ಲ ಎಂದು ವಿಲೆಂಕಿನ್, ಲಿಂಡೆ ಮುಂದುವರಿಸಿದರು. ಒಲೆಯ ಮೇಲೆ ಕುದಿಯುವ ಅಂಬಲಿ ನೋಡಿ: ಇಲ್ಲೊಂದು ಗುಳ್ಳೆ, ಅಲ್ಲೊಂದು ಗುಳ್ಳೆ, ಅಂಬಲಿ ಮಾತ್ರ ಉಕ್ಕುತ್ತಲೇ ಇರುತ್ತದೆ. ನಮ್ಮ ವಿಶ್ವ ಒಂದು ಗುಳ್ಳೆ.

ಇಷ್ಟರಲ್ಲಿ ಧರ್ಮಕ್ಕೆ ಸಂಬಂಧವೇ ಇರಲಿಲ್ಲ. ಬಂದದ್ದು ಅಂಕಿಗಳ ಕಡೆಯಿಂದ. ಖಾಲಿ ಆಕಾಶದ ಶಕ್ತಿ ಎಷ್ಟಿರಬೇಕೆಂದು ಸಿದ್ಧಾಂತ ಲೆಕ್ಕ ಹಾಕಿದರೆ, ಇರುವುದಕ್ಕಿಂತ ಸುಮಾರು 1ರ ಮುಂದೆ 120 ಸೊನ್ನೆಯಷ್ಟು ಪಟ್ಟು ಹೆಚ್ಚು ಬರುತ್ತದೆ. ಅಷ್ಟಿದ್ದರೆ ನಕ್ಷತ್ರವೂ ಇಲ್ಲ, ನಾವೂ ಇಲ್ಲ. ಯಾರೋ ತಂತಿ ಬಿಗಿದು ಶ್ರುತಿ ಮಾಡಿಟ್ಟಂತಿದೆ ಎಂದು ಆಸ್ತಿಕರು ಖುಷಿಪಟ್ಟರು. ಲೋಕಗಳು ಲೆಕ್ಕವಿಲ್ಲದಷ್ಟು ಇದ್ದರೆ ಯಾವುದೋ ಒಂದರಲ್ಲಿ ಶ್ರುತಿ ತಾನೇ ಕೂಡುತ್ತದೆ, ನಾವು ಹುಟ್ಟುವುದು ಅಲ್ಲೇ ಎಂದು ಭೌತವಿಜ್ಞಾನಿಗಳು ಮರುಮಾತು ಹೇಳಿದರು. ಸ್ಟೀವನ್ ವೈನ್‌ಬರ್ಗ್ 1987ರಲ್ಲಿ ಈ ದಾರಿಯಿಂದಲೇ, ಗೆಲಾಕ್ಸಿಗಳು ಹುಟ್ಟಬೇಕಾದರೆ ಆ ಶಕ್ತಿ ಎಷ್ಟನ್ನು ಮೀರಬಾರದು ಎಂದು ಲೆಕ್ಕ ಹಾಕಿದ. 1998ರಲ್ಲಿ ಸೂಪರ್‌ನೋವಾಗಳಿಂದ, ಅಂದರೆ ಸಿಡಿದ ನಕ್ಷತ್ರಗಳಿಂದ, ಸಿಕ್ಕ ಬೆಲೆ ಆ ಮಿತಿಯೊಳಗೇ ಇತ್ತು. ಬಹುವಿಶ್ವದ ಪರ ಇರುವ ಗಟ್ಟಿ ವಾದ ಇದೊಂದೇ ಎಂದು ನನಗನ್ನಿಸುತ್ತದೆ. ಇದು ವಾದ, ಸಾಕ್ಷಿಯಲ್ಲ.

ಅಲ್ಲಿಗೆ ಜಗಳ ಬೀದಿಗೆ ಬಂತು. ವಿಶ್ವದಲ್ಲಿ ಕಾಣುವ ಉದ್ದೇಶವನ್ನು ತಪ್ಪಿಸಿಕೊಳ್ಳಲೆಂದೇ ಹುಟ್ಟಿಸಿದ ಊಹೆ ಇದು ಎಂದು ವಿಯೆನ್ನಾದ ಕಾರ್ಡಿನಲ್ ಶೋನ್‌ಬೋರ್ನ್ 2005ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಆದರೆ ಯಾರು ಯಾವ ಕಡೆ ಎಂದು ನೋಡಿದರೆ ತಮಾಷೆ ಇದೆ. ಹಾಕಿಂಗ್ ಅವರ ಶಿಷ್ಯ ಡಾನ್ ಪೇಜ್ ಶ್ರದ್ಧಾವಂತ ಕ್ರೈಸ್ತ, ಬಹುವಿಶ್ವದ ಪರ. ದೇವರು ಹಲವನ್ನು ಇಷ್ಟಪಡಬಾರದೇ ಎಂಬುದು ಅವರ ಧಾಟಿ. ವಿಶ್ವವಿಜ್ಞಾನಿ ಜಾರ್ಜ್ ಎಲ್ಲಿಸ್ ಕೂಡ ದೇವರನ್ನು ನಂಬುವವರೇ, ಆದರೆ ಬಹುವಿಶ್ವದ ವಿರೋಧಿ. 2014ರಲ್ಲಿ ಜೋ ಸಿಲ್ಕ್ ಜೊತೆ ನೇಚರ್ ಪತ್ರಿಕೆಯಲ್ಲಿ ಅವರು ಎತ್ತಿದ ತಕರಾರಿನಲ್ಲಿ ದೇವರ ಮಾತಿಲ್ಲ. ಪರೀಕ್ಷೆಗೆ ಸಿಗದ ಸಿದ್ಧಾಂತಕ್ಕೆ ಚೆಂದದ ಗಣಿತವಿದೆ ಎಂದು ರಿಯಾಯಿತಿ ಕೊಡಬೇಡಿ ಎಂಬುದಷ್ಟೇ ಅದರ ಸಾರ.

ಪರೀಕ್ಷೆ ಮಾಡಲು ಪ್ರಯತ್ನಿಸಿಯೇ ಇಲ್ಲವೆಂದಲ್ಲ. ಪಕ್ಕದ ಗುಳ್ಳೆ ನಮ್ಮ ಗುಳ್ಳೆಗೆ ಎಂದಾದರೂ ಡಿಕ್ಕಿ ಹೊಡೆದಿದ್ದರೆ ಆದಿಬೆಳಕಿನ, ಅಂದರೆ ವಿಶ್ವ ಎಳೆಯದಿದ್ದಾಗ ಹೊರಟು ಈಗಲೂ ನಮ್ಮನ್ನು ತಲುಪುತ್ತಿರುವ ಬೆಳಕಿನ, ನಕ್ಷೆಯಲ್ಲಿ ದುಂಡನೆಯ ಕಲೆ ಉಳಿದಿರಬೇಕು. 2011ರಲ್ಲಿ ಒಂದು ತಂಡ ಡಬ್ಲ್ಯುಮ್ಯಾಪ್ ಉಪಗ್ರಹದ ನಕ್ಷೆಯನ್ನು ಜಾಲಾಡಿತು. ಡಿಕ್ಕಿ ಆಗಿದೆ ಎನ್ನುವಷ್ಟು ಏನೂ ಸಿಗಲಿಲ್ಲ. 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್ ದೂರದರ್ಶಕ ಆದಿ ಉಬ್ಬರದ ಗುರುತು ಕಂಡಿತೆಂದು ದೊಡ್ಡ ಸುದ್ದಿಯಾಯಿತು. ವರ್ಷ ತುಂಬುವುದರೊಳಗೆ ಅದು ಬಹುಪಾಲು ನಮ್ಮದೇ ಗೆಲಾಕ್ಸಿಯ ಧೂಳು ಎಂದಾಯಿತು. ಬೆಳಕು ಓಡಲು ಸಿಕ್ಕಿರುವುದು 1380 ಕೋಟಿ ವರ್ಷ, ಅಷ್ಟರಲ್ಲಿ ಆಕಾಶವೂ ಹಿಗ್ಗಿದ್ದರಿಂದ ನಮಗೆ ಕಾಣುವುದು ಸುತ್ತಲಿನ ಸುಮಾರು 4600 ಕೋಟಿ ಜ್ಯೋತಿರ್ವರ್ಷ. ಅದರಾಚೆಯಿಂದ ಸುದ್ದಿ ಬರುವುದಿಲ್ಲ.

ಅವತ್ತು ಗ್ಯಾಲರಿಯಲ್ಲಿ ಹುಡುಗ ಆ ದಪ್ಪ ಗೋಡೆಗೆ ಕಿವಿ ಹಚ್ಚಿ, ಬೆರಳಗಂಟಿನಿಂದ ಎರಡು ಸಲ ಕುಟ್ಟಿದ. "ಆಚೆ ಏನೈತಿ ಅಂತ ಒಳಗಿಂದ ಗೊತ್ತಾಗೂದಿಲ್ಲ ನೋಡು" ಅಂದ. ನಾವು ಒಳಗೆ ಬಂದ ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು. ಅದನ್ನು ದಾಟಿ ತಾರಸಿಗೆ ಹೋದರೆ ಎಳೆಬಿಸಿಲು, ರೇಲ್ವೆ ಸ್ಟೇಷನ್ನು, ಬೇವಿನ ಮರಗಳು. ಅವನು ಬಾಗಿಲ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದ. "ಅಲ್ಲಿ ಇಂಥಾದೊಂದ ಇಲ್ಲಲ್ಲ, ಕಾಕಾ?" ಎಂದು ಕೇಳುವಷ್ಟರಲ್ಲಿ ಕೆಳಗಿನ ಮೆಟ್ಟಿಲುಗಳಿಂದ ಶಾಲೆ ಮಕ್ಕಳ ಕೇಕೆ ಏರಿ ಬಂತು.