ಹೇಝಿ ಐಪಿಎ: ಮಬ್ಬಿಗೆ 3 ಅಂಕ, ಉಳಿದ 47 ಎಲ್ಲಿ?

ಬಿಯರ್ ಜಡ್ಜ್ ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಈ ಪರೀಕ್ಷೆ ನಡೆಸುವ ಬಿಜೆಸಿಪಿ (ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ) ಸಂಸ್ಥೆಯ ಅಂಕಪಟ್ಟಿ ಒಟ್ಟು 50ಕ್ಕೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗಿದೆ ಅನ್ನುವುದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ಹೇಝಿ ಐಪಿಎ, ಅಂದರೆ ಮಬ್ಬಾದ ಇಂಡಿಯಾ ಪೇಲ್ ಏಲ್ ಬಿಯರ್, ಮುಂದೆ ಬಂದ ಕೂಡಲೇ ನಾವೆಲ್ಲ ಮಾಡುವುದೇನು? ಗ್ಲಾಸ್ ಎತ್ತಿ ಬೆಳಕಿಗೆ ಹಿಡಿದು ಮಬ್ಬು ನೋಡುವುದು, ಅಲ್ವಾ? ಆ ಮಬ್ಬು, ಬಣ್ಣ, ನೊರೆ ಎಲ್ಲ ಸೇರಿದರೂ ಬರೀ 3 ಅಂಕ.

ಈ ಬಗೆಯ ಬಿಯರ್‌ಗೆ ದಾರಿ ಮಾಡಿದ್ದು ಅಮೆರಿಕದ ವರ್ಮಾಂಟ್ ರಾಜ್ಯದ ವಾಟರ್‌ಬರಿ ಊರು. ಅಲ್ಲಿ ದಿ ಆಲ್ಕೆಮಿಸ್ಟ್ ಪಬ್ ನಡೆಸುತ್ತಿದ್ದ ಜಾನ್ ಕಿಮಿಚ್ ಮಾಡಿದ ಹೆಡಿ ಟಾಪರ್ 2011ರಲ್ಲಿ ಕ್ಯಾನ್‌ಗೆ ಬಂತು. ತಮಾಷೆ ಏನೆಂದರೆ, ಆ ಕ್ಯಾನ್ ಮೇಲೆ ‘ಕ್ಯಾನ್‌ನಿಂದಲೇ ಕುಡಿಯಿರಿ’ ಎಂದು ಅಚ್ಚಾಗಿತ್ತು. ಅಂದರೆ ಕುಡಿಯುವವರಿಗೆ ಮಬ್ಬು ಕಾಣಿಸುವುದೇ ಬೇಕಾಗಿರಲಿಲ್ಲ! ಹೆಸರಿನಲ್ಲಿ ಇಂಡಿಯಾ ಇರುವುದು ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದ ಪೇಲ್ ಏಲ್‌ನಿಂದ. ಇವತ್ತಿನ ಹೇಝಿಗೂ ಅದಕ್ಕೂ ರುಚಿಯಲ್ಲಿ ನಂಟು ಕಡಿಮೆ.

2021ರ ಬಿಜೆಸಿಪಿ ಬಿಯರ್ ಬಗೆಗಳ ಪಟ್ಟಿಯಲ್ಲಿ ಇದರ ಸಂಖ್ಯೆ 21ಸಿ. ಆಲ್ಕೋಹಾಲ್ 6ರಿಂದ 9 ಶೇಕಡಾ. ಕಹಿಯ ಅಳತೆ ಐಬಿಯು 25ರಿಂದ 60. ಮಾಮೂಲಿ ಅಮೆರಿಕನ್ ಐಪಿಎಗೆ 40ರಿಂದ 70. ಎರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ, ರುಚಿ ನೋಡುವಾಗ ಬೇಕಾಗುತ್ತದೆ.

ನೋಟ ಬೇಗ ಮುಗಿಸಿ. ತಿಳಿ ಹಳದಿಯಿಂದ ಕಿತ್ತಳೆ ಛಾಯೆಯವರೆಗೆ ಬಣ್ಣ, ದಟ್ಟ ಬಿಳಿ ನೊರೆ, ಮಬ್ಬಿನ ಒಳಗೂ ಒಂದು ಹೊಳಪು. ಮಬ್ಬು ಬರುವುದು ಓಟ್ಸ್, ಗೋಧಿಯ ಪ್ರೋಟೀನ್ ಮತ್ತು ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವಾದ ಹಾಪ್ಸ್‌ನ ಪಾಲಿಫಿನಾಲ್ ಸೇರಿಕೊಂಡಾಗ. ಅದು ತಳಕ್ಕೆ ಕೂರುವುದಿಲ್ಲ. ಹಾಪ್ಸ್ ಚೂರು ತೇಲುತ್ತಿದ್ದರೆ, ಈಸ್ಟ್ ಉಂಡೆ ಕಂಡರೆ, ತಳದಲ್ಲಿ ಗಸಿ ನಿಂತಿದ್ದರೆ ಅದು ದೋಷ. ರಾಡಿ ನೀರಿನಂತಿದ್ದರೂ ‘ಹೇಝಿ ತಾನೇ’ ಎಂದು ಬಿಟ್ಟುಬಿಡಬೇಡಿ.

ನಿಜ ಹೇಳಬೇಕೆಂದರೆ ನೋಟಕ್ಕಿಂತ ಮೊದಲು ಮೂಗಿಗೆ ಕೆಲಸ ಕೊಡಬೇಕು. ಸುರಿದ ತಕ್ಷಣ ಏಳುವ ಪರಿಮಳ ಬೇಗ ಹಾರಿಹೋಗುತ್ತದೆ. ಬಿಯರ್ ತೀರಾ ತಣ್ಣಗಿದ್ದರೆ ಏನೂ ಸಿಗುವುದಿಲ್ಲ, ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬಿಸಿ ತಾಗಿಸಿ. ಸಿಟ್ರಾ, ಮೊಸಾಯಿಕ್, ಗ್ಯಾಲಕ್ಸಿ ತರದ ಹಾಪ್ಸ್ ಹಾಕಿದ್ದರೆ ಮಾವು, ಚಕ್ಕೋತ, ಪ್ಯಾಶನ್ ಫ್ರೂಟ್ ಮುಂದೆ ಬರುತ್ತವೆ. ಈಸ್ಟ್ ಕಡೆಯಿಂದ ಪೀಚ್, ಏಪ್ರಿಕಾಟ್ ಸೇರಬಹುದು. ಹಾಪ್ಸ್‌ನ ಬಹುಪಾಲನ್ನು ಕುದಿ ಮುಗಿದ ಮೇಲೆ ಮತ್ತು ಟ್ಯಾಂಕ್‌ನಲ್ಲಿ ಹಾಕುವುದರಿಂದಲೇ ಪರಿಮಳ ಇಷ್ಟು ಜೋರು, ಕಹಿ ಹಿಡಿತದಲ್ಲಿ.

ಇಲ್ಲಿ ಬರೆಯುವ ರೀತಿಗೂ ಗಮನ ಕೊಡಿ. ‘ಹಣ್ಣಿನ ಪರಿಮಳ ಇದೆ, ಚೆನ್ನಾಗಿದೆ’ ಎಂದು ಬರೆದರೆ ಬಿಯರ್ ಮಾಡಿದವರಿಗೆ ಏನೂ ಉಪಯೋಗವಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಹಾಪ್ಸ್ ಜೋರು, ಮಾಗಿದ ಮಾವು ಮೊದಲು, ಹಿಂದೆ ಕಿತ್ತಳೆ ಸಿಪ್ಪೆ. ಮಾಲ್ಟ್ ಕಡಿಮೆ, ಬ್ರೆಡ್ ವಾಸನೆ. ಪೀಚ್ ಸ್ವಲ್ಪ. ಬೆಣ್ಣೆ ವಾಸನೆ ಇಲ್ಲ.’ ಯಾವುದು, ಎಷ್ಟು, ಯಾವುದರ ನಂತರ ಯಾವುದು, ಈ ಮೂರೂ ಬರಬೇಕು. ಇಲ್ಲದ್ದನ್ನು ಇಲ್ಲ ಎಂದು ಬರೆಯುವುದೂ ಲೆಕ್ಕಕ್ಕೆ ಬರುತ್ತದೆ.

ಬೆಣ್ಣೆಯ ಮಾತು ಸುಮ್ನೆ ತೆಗೆದದ್ದಲ್ಲ. ಹಾಪ್ಸ್‌ನಲ್ಲೇ ಇರುವ ಕಿಣ್ವಗಳು ಬಿಯರ್‌ನಲ್ಲಿ ಉಳಿದ ದೊಡ್ಡ ಸಕ್ಕರೆಗಳನ್ನು ಒಡೆಯುತ್ತವೆ. ಈಸ್ಟ್ ಮತ್ತೆ ಎಚ್ಚೆತ್ತು ಅವನ್ನು ತಿನ್ನಲು ಶುರುಮಾಡುತ್ತದೆ. ಆಗ ಡಯಾಸಿಟೈಲ್ ಹುಟ್ಟಿ ಪಾಪ್‌ಕಾರ್ನ್ ಬೆಣ್ಣೆಯ ವಾಸನೆ ಬರಬಹುದು. ಜಾಸ್ತಿ ಹಾಪ್ಸ್ ಬೀಳುವ ಹೇಝಿಯಲ್ಲಿ ಈ ಅಪಾಯ ಜಾಸ್ತಿ. ಮಾವಿನ ಪರಿಮಳದ ಅಡಿಯಲ್ಲಿ ಇದು ಚೆನ್ನಾಗಿ ಅಡಗಿ ಕೂರುತ್ತದೆ. ಎರಡನೇ ಸಲ ಮೂಸಿ.

ಇನ್ನು ಗುಟುಕು. ಬಾಯಲ್ಲಿ ಪೂರ್ತಿ ಹರಡಿ ನುಂಗಿ. ಕಹಿ ತಿಳಿಯುವುದು ನುಂಗಿದ ಮೇಲೆ. ಒಳ್ಳೆಯ ಹೇಝಿಯಲ್ಲೂ ಕಹಿ ಇರಬೇಕು. ಪೂರ್ತಿ ಮಾಯವಾಗಿದ್ದರೆ ಅದು ಐಪಿಎ ಅಲ್ಲ, ಹಣ್ಣಿನ ರಸ. ನನ್ನ ಪ್ರಕಾರ ಈಗಿನ ಹೇಝಿಗಳ ದೊಡ್ಡ ಕಾಯಿಲೆ ಅತಿಯಾದ ಸಿಹಿ. ಮೊದಲ ಗುಟುಕು ಮೋಹಕ, ಅರ್ಧ ಗ್ಲಾಸ್ ಹೊತ್ತಿಗೆ ಸಾಕಪ್ಪಾ ಅನಿಸುತ್ತದೆ. ಜಡ್ಜ್ ಕುಡಿಯುವುದು ಕೆಲವೇ ಗುಟುಕು, ಹಾಗಾಗಿ ಇಲ್ಲಿ ಮೋಸಹೋಗುವುದು ಸುಲಭ.

ಕಹಿಯನ್ನೂ ಒಗರನ್ನೂ ಬೇರೆ ಬೇರೆ ಹಿಡಿಯಲು ಕಲಿಯಿರಿ. ಕಹಿ ನಾಲಿಗೆಯ ರುಚಿ; ಒಗರು ಬಾಯಿ ಒಣಗಿಸುವ ಹಿಡಿತ. ಹಸಿ ಅಡಿಕೆ ಜಗಿದ ಹಾಗೆ ಕೆನ್ನೆಯ ಒಳಭಾಗ ಬಿಗಿಯುತ್ತಿದ್ದರೆ, ಗಂಟಲಲ್ಲಿ ಕೆರೆತ ಉಳಿದರೆ, ಅದು ಹಾಪ್ಸ್ ಚೂರುಗಳ ಕೆಲಸ. ಟ್ಯಾಂಕ್‌ನಲ್ಲಿ ಅವು ಸರಿಯಾಗಿ ಕೂರುವ ಮೊದಲೇ ಬಿಯರ್ ತುಂಬಿದ್ದಾರೆ ಎಂದರ್ಥ. ತೀರಾ ತಾಜಾ ಕ್ಯಾನ್‌ಗಳಲ್ಲೇ ಇದು ಹೆಚ್ಚು. ಈ ಬಗೆಯ ಬಿಯರ್‌ನ ಜೀವವೇ ಮೃದುತನ, ಹಾಗಾಗಿ ಬಾಯಿಯ 5 ಅಂಕದಲ್ಲಿ ಇದಕ್ಕೆ ಧಾರಾಳವಾಗಿ ಕಡಿಯಿರಿ. ನೀರಿನಲ್ಲಿ ಸಲ್ಫೇಟ್‌ಗಿಂತ ಕ್ಲೋರೈಡ್ ಜಾಸ್ತಿ ಇಡುವುದೂ ಈ ಮೃದುತನಕ್ಕಾಗಿಯೇ.

ಹೇಝಿಯ ಪರಮ ವೈರಿ ಆಮ್ಲಜನಕ. ತುಂಬುವಾಗ ಸ್ವಲ್ಪ ಗಾಳಿ ಸೇರಿದರೂ ಸಾಕು. ಮೊದಲು ಹಣ್ಣಿನ ಪರಿಮಳ ಮಂಕಾಗುತ್ತದೆ, ಆಮೇಲೆ ಜೇನಿನಂಥ ಸಿಹಿ ಏಳುತ್ತದೆ, ಕೊನೆಗೆ ಒದ್ದೆ ರಟ್ಟಿನ ವಾಸನೆ. ಬಣ್ಣ ಕಂದು, ಬೂದು ಕಡೆಗೆ ತಿರುಗುತ್ತದೆ. ನೋಟದ 3 ಅಂಕ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ: ಬಣ್ಣ ಮಂಕಾಗಿದ್ದರೆ ಮೂಗಿಗೆ ಮುಂಚಿತ ಸುಳಿವು ಸಿಕ್ಕಂತೆ. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಟ್ಯಾಂಕ್‌ನಿಂದ ನೇರ ಬಂದ ಗ್ಲಾಸ್‌ನಲ್ಲಿ ಇದು ಅಷ್ಟಾಗಿ ಕಾಣದು. ಅಭ್ಯಾಸಕ್ಕೆ ಒಂದೇ ಬಿಯರ್‌ನ ಎರಡು ಕ್ಯಾನ್ ತನ್ನಿ. ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಕೆಲವು ವಾರ ಅಡುಗೆಮನೆ ಕಪಾಟಿನಲ್ಲಿಡಿ. ಆಮೇಲೆ ಎರಡನ್ನೂ ಒಟ್ಟಿಗೆ ಸುರಿದು ನೋಡಿ.

ಕೊನೆಯ 10 ಅಂಕ ಕೊಡುವ ಮುನ್ನ ಒಟ್ಟು ಮೊತ್ತ ಯಾವ ಮಟ್ಟಕ್ಕೆ ಬೀಳುತ್ತದೆ ನೋಡಿಕೊಳ್ಳಿ: 30ರಿಂದ 37 ಬಹಳ ಚೆನ್ನ, 38ರಿಂದ 44 ಅತ್ಯುತ್ತಮ. ಕಡಿಮೆ ಕೊಟ್ಟರೆ ಕಾರಣದ ಜೊತೆಗೆ ಪರಿಹಾರವನ್ನೂ ಬರೆಯಿರಿ. ಗಾಳಿ ತಾಗಿ ಕೆಟ್ಟ ಬಿಯರ್‌ಗೆ ‘ಹಾಪ್ಸ್ ಜಾಸ್ತಿ ಹಾಕಿ’ ಅನ್ನುವುದು ತಪ್ಪು ಸಲಹೆ. ತುಂಬುವ ಮುಂಚೆ ಕ್ಯಾನ್‌ನೊಳಗಿನ ಗಾಳಿಯನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಹೊರಗೆ ತಳ್ಳಲು ಹೇಳಿ.