ಎಣ್ಣೂರು ಅಳಿವೆ: ಬಂದರಿನ ಗೋಡೆಯಾಚೆಗೆ ಉಳಿದ ಜೌಗು

ಚೆನ್ನೈ ನಗರದ ಉತ್ತರದಲ್ಲಿ, ಕೋಸಸ್ತಲೈಯಾರ್ ನದಿ ಬಂಗಾಳ ಕೊಲ್ಲಿಯನ್ನು ಸೇರುವಲ್ಲಿ ಎಣ್ಣೂರು ಅಳಿವೆಯಿದೆ. ಉಬ್ಬರ ಇಳಿತಗಳ ಕೆಸರುಬಯಲು, ಕಾಂಡ್ಲಾ ಕಾಡು, ಉಪ್ಪಿನ ಆಗರ ಮತ್ತು ಹಿನ್ನೀರಿನಿಂದ ಕೂಡಿದ ಈ ಪ್ರದೇಶವು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಪುಲಿಕಾಟ್ ಸರೋವರದೊಂದಿಗೆ ಬೆಸೆದುಕೊಂಡಿದೆ. ಸಿಗಡಿ, ಏಡಿ, ಮೀನುಗಳನ್ನು ನಂಬಿದ ಕುಪ್ಪಂಗಳು, ಅಂದರೆ ಮೀನುಗಾರರ ಹಳ್ಳಿಗಳು, ಇದರ ದಂಡೆಯಲ್ಲಿವೆ. ಹಿಂಗಾರು ಮಳೆಯಲ್ಲಿ ಉತ್ತರ ಚೆನ್ನೈನ ನೆರೆನೀರು ಹರಡಿ ನಿಂತು ಕಡಲಿಗೆ ಇಳಿಯುವುದೂ ಇಲ್ಲಿಂದಲೇ. ಇದೇ ಅಳಿವೆಯ ಸುತ್ತ ಇಂದು ಎರಡು ಬಂದರುಗಳು, ಹಲವು ಉಷ್ಣ ವಿದ್ಯುತ್ ಸ್ಥಾವರಗಳು ನೆಲೆಗೊಂಡಿವೆ. ತುಸು ಒಳಗೆ ಮಣಲಿಯ ತೈಲ ಶುದ್ಧೀಕರಣ ಘಟಕವಿದೆ.

ಎಣ್ಣೂರಿಗೆ ಬಂದರಿಗಿಂತ ಮೊದಲು ಬಂದದ್ದು ಕಲ್ಲಿದ್ದಲು. 1970ರಲ್ಲಿ ಎಣ್ಣೂರು ಉಷ್ಣ ವಿದ್ಯುತ್ ಸ್ಥಾವರ ಕೆಲಸ ಆರಂಭಿಸಿತು. 1990ರ ದಶಕದಲ್ಲಿ ಉತ್ತರ ಚೆನ್ನೈ ಸ್ಥಾವರ ಅದರ ಜೊತೆಗೂಡಿತು. ವಿದ್ಯುತ್ ಮಂಡಳಿಯ ಕಲ್ಲಿದ್ದಲನ್ನು ಇಳಿಸಿಕೊಳ್ಳುವುದಕ್ಕೆಂದೇ ಕಟ್ಟಿದ ಎಣ್ಣೂರು ಬಂದರು 2001ರಲ್ಲಿ ಕಾರ್ಯಾರಂಭ ಮಾಡಿತು. ದೇಶದ ಹನ್ನೆರಡನೆಯ ಪ್ರಮುಖ ಬಂದರಾದ ಇದು ಟ್ರಸ್ಟ್ ಆಗಿರದೆ ಕಂಪನಿಯ ರೂಪದಲ್ಲಿ ಹುಟ್ಟಿದ ಮೊದಲನೆಯದು. 2014ರಲ್ಲಿ ಇದಕ್ಕೆ ಕಾಮರಾಜರ್ ಹೆಸರಿಡಲಾಯಿತು. ಚೆನ್ನೈ ಬಂದರಿನ ಸುತ್ತಲಿನ ಮನೆಗಳಿಗೆ ದೂಳು ತುಂಬುತ್ತಿದೆ ಎಂಬ ಕಾರಣಕ್ಕೆ ಮದ್ರಾಸ್ ಹೈಕೋರ್ಟ್ 2011ರಲ್ಲಿ ಅಲ್ಲಿ ಕಲ್ಲಿದ್ದಲು ಮತ್ತು ಅದಿರಿನ ನಿರ್ವಹಣೆಯನ್ನು ನಿಲ್ಲಿಸಲು ಆದೇಶಿಸಿದಾಗ, ಕಲ್ಲಿದ್ದಲಿನ ಹೊರೆ ಎಣ್ಣೂರಿನ ಪಾಲಾಯಿತು. ಅದಿರಿನ ಕಥೆ ಬೇರೆಯೇ ಆಯಿತು: ಬಳ್ಳಾರಿ ಭಾಗದ ಕಬ್ಬಿಣದ ಅದಿರನ್ನು ನಂಬಿ ಎಣ್ಣೂರಿನಲ್ಲಿ ಕಟ್ಟಿದ ಟರ್ಮಿನಲ್, 2010ರಲ್ಲಿ ಕರ್ನಾಟಕ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದ್ದರಿಂದ ಕೆಲಸವಿಲ್ಲದೆ ನಿಂತು, ಕೊನೆಗೆ ಅದನ್ನೂ ಕಲ್ಲಿದ್ದಲಿಗೇ ಮಾರ್ಪಡಿಸಬೇಕಾಯಿತು.

ಹಾನಿ ಒಂದೇ ಏಟಿಗೆ ಆದದ್ದಲ್ಲ. ಸ್ಥಾವರದ ಹಾರುಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಬೂದಿಕೊಳಕ್ಕೆ ಸಾಗಿಸುವಾಗ, ಸೋರಿದ ಕೊಳವೆಗಳಿಂದ ಹೊರಬಿದ್ದ ಬೂದಿ ವರ್ಷಗಟ್ಟಲೆ ಅಳಿವೆಯ ತಳದಲ್ಲಿ ಕೂತು ಗಟ್ಟಿಯಾಯಿತು. ಆಳ ಕಡಿಮೆಯಾದಲ್ಲಿ ದೋಣಿ ಸಾಗುವುದಿಲ್ಲ, ಉಬ್ಬರದ ನೀರು ಏರುವುದಿಲ್ಲ, ಮರಿಮೀನಿಗೆ ನೆಲೆಯಿಲ್ಲ.

ಕಾಗದದ ಮೇಲೆ ಈ ಜೌಗಿಗೆ ರಕ್ಷಣೆಯಿತ್ತು ಎಂಬುದೇ ಈ ಚರಿತ್ರೆಯ ಅತ್ಯಂತ ಇರುಸುಮುರುಸಿನ ಭಾಗ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯ ಅನ್ವಯ ಕೇಂದ್ರವು 1996ರಲ್ಲಿ ಒಪ್ಪಿದ ನಕ್ಷೆಯಲ್ಲಿ ಅಳಿವೆಯು ನಿರ್ಮಾಣಕ್ಕೆ ಅವಕಾಶವಿಲ್ಲದ ವಲಯವಾಗಿತ್ತು. ಆದರೆ ಅಧಿಕಾರಿಗಳು ಬಳಸುತ್ತಿದ್ದ ಮತ್ತೊಂದು ನಕ್ಷೆಯಲ್ಲಿ ಅಳಿವೆಯ ದೊಡ್ಡ ಭಾಗವೇ ಕಾಣಿಸುವುದಿಲ್ಲವೆಂದು ಮೀನುಗಾರರು ಮತ್ತು ಪರಿಸರ ಕಾರ್ಯಕರ್ತರು 2017ರಲ್ಲಿ ಮಾಹಿತಿ ಹಕ್ಕಿನಡಿ ಪಡೆದ ದಾಖಲೆಗಳನ್ನು ಮುಂದಿಟ್ಟು ಆರೋಪಿಸಿದರು. ನಕ್ಷೆಯಲ್ಲಿ ನೀರೇ ಇಲ್ಲವೆಂದಾದ ಮೇಲೆ ಅದನ್ನು ತುಂಬಿಸಲು ಅನುಮತಿ ಕೇಳುವ ಪ್ರಶ್ನೆಯಾದರೂ ಎಲ್ಲಿ ಬಂತು?

ಅದೇ ವರ್ಷದ ಜನವರಿ 28ರಂದು ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿಯಾಗಿ ತೈಲ ಸೋರಿದಾಗ, ದಡಕ್ಕೆ ಬಂದ ಜಿಡ್ಡನ್ನು ಜನರು ಬಕೆಟ್‌ಗಳಲ್ಲಿ ತೋಡಿ ತೆಗೆದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಮಣಲಿಯ ಕಡೆಯಿಂದ ತೈಲ ಹರಿದು ಬಂದು ಅಳಿವೆಯನ್ನು ಆವರಿಸಿತು. ಹೆಜ್ಜಾರ್ಲೆಗಳ ರೆಕ್ಕೆಗೂ ಮೀನುಗಾರರ ಬಲೆಗೂ ಒಂದೇ ಬಗೆಯ ಮಸಿ ಮೆತ್ತಿತು. ಆಗಲೂ ಮೊದಲು ನೀರಿಗಿಳಿದವರು ಬಕೆಟ್ ಹಿಡಿದ ಮೀನುಗಾರರೇ.

ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವು 2022ರ ಜುಲೈನಲ್ಲಿ ಬೂದಿ ಮಾಲಿನ್ಯದ ಹೊಣೆಯನ್ನು ರಾಜ್ಯದ ವಿದ್ಯುತ್ ಸಂಸ್ಥೆಯ ಮೇಲೆ ಹೊರಿಸಿ, ಅಳಿವೆಯ ಪುನಶ್ಚೇತನಕ್ಕೆ ನಿರ್ದೇಶಿಸಿತು. ಮರುವರ್ಷ ಕೇಂದ್ರ ಸರ್ಕಾರ ‘ಹರಿತ್ ಸಾಗರ್’ ಎಂಬ ಹಸಿರು ಬಂದರು ಮಾರ್ಗಸೂಚಿಯನ್ನು ಹೊರತಂದಿತು. ಇಂಗಾಲ ಹೊರಸೂಸುವಿಕೆ, ಶುದ್ಧ ಇಂಧನ, ತ್ಯಾಜ್ಯ ನಿರ್ವಹಣೆಗಳಂಥ ಅದರ ಕಾಳಜಿಗಳು ಅಗತ್ಯವೇ ಹೌದು. ಆದರೆ ಎಣ್ಣೂರಿನ ತೊಡಕು ಬಂದರಿನ ಆವರಣದೊಳಗೆ ಮುಗಿಯುವುದಿಲ್ಲ. ಪ್ರತಿ ಯೋಜನೆಯೂ ತನ್ನ ಬೇಲಿಯೊಳಗಿನ ಪರಿಣಾಮವನ್ನು ಬಿಡಿಯಾಗಿ ತೂಗಿ ಅನುಮತಿ ಪಡೆದರೆ, ಎಲ್ಲದರ ಒಟ್ಟು ಭಾರವನ್ನು ಹೊರುವುದು ಒಂದೇ ಅಳಿವೆ. ಪಕ್ಕದ ಕಾಟ್ಟುಪಳ್ಳಿ ಖಾಸಗಿ ಬಂದರನ್ನು 330 ಎಕರೆಗಳಿಂದ 6,111 ಎಕರೆಗಳಿಗೆ ವಿಸ್ತರಿಸುವ ಪ್ರಸ್ತಾವಕ್ಕೆ ಮೀನುಗಾರ ಹಳ್ಳಿಗಳು ಒಡ್ಡಿರುವ ವಿರೋಧದ ತಿರುಳೂ ಇದೇ. 2021ರಲ್ಲೂ 2023ರಲ್ಲೂ ಅದರ ಸಾರ್ವಜನಿಕ ವಿಚಾರಣೆ ಮುಂದೂಡಲ್ಪಟ್ಟಿತು.

ಇತ್ತೀಚಿನ ಕಂಟಕ ಇನ್ನೂ ಸೂಕ್ಷ್ಮವಾದುದು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕರಾವಳಿಯ ಒಂದು ಬಗೆಯ ಚಿಪ್ಪುಜೀವಿ, ಇಲ್ಲಿನ ಮೀನುಗಾರರು ‘ಕಾಕ್ಕಾ ಆಳಿ’ ಎನ್ನುವಂಥದ್ದು, ಅಳಿವೆಯ ತಳದಲ್ಲಿ ಒತ್ತೊತ್ತಾಗಿ ಹಬ್ಬಿ ಸಿಗಡಿಗಳ ನೆಲೆಯನ್ನು ಮುಚ್ಚುತ್ತಿದೆ. ಹಡಗುಗಳು ಸಮತೋಲಕ್ಕಾಗಿ ತುಂಬಿಕೊಂಡು ತಂದು ಬಂದರಿನಲ್ಲಿ ಸುರಿಯುವ ನೀರಿನೊಂದಿಗೆ ಇದು ಬಂದಿರಬೇಕೆಂದು ಶಂಕಿಸಲಾಗಿದೆ. ಅಗೆದು ತೆಗೆದರೂ ಉಳಿದ ಮರಿಗಳಿಂದ ಮತ್ತೆ ಹಬ್ಬಬಲ್ಲ ಜೀವಿಯಿದು. ಆದ್ದರಿಂದ ತಳವನ್ನು ಶುಚಿಗೊಳಿಸುವ ಕೆಲಸ ಎಷ್ಟು ದಿನ ನಿಲ್ಲುತ್ತದೆ ಎಂಬುದು ಹಡಗುಗಳು ಸುರಿಯುವ ನೀರಿನ ಮೇಲಿನ ನಿಗಾವನ್ನೂ ಅವಲಂಬಿಸಿದೆ.